ಹಣಮಂತಮ್ಮನಿಗೆ ಶಾಖ ಕೊಟ್ಟದ್ದು

ರಾಮಸಮುದ್ರದ ಕುರುಬರ ಅಂಬಣ್ಣನ ಮಗಳು ಸಾಯಬಮ್ಮ ಎಂಟು ವರ್ಷವಾದರೂ ಅವ್ವ ಎಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಮುಟ್ಟಿದರೆ ಚೀರುತ್ತಿದ್ದಳು. ಬಾವಿಯ ಗಾಲಿ ತಿರುಗುವುದನ್ನು ನೋಡುತ್ತ ಹೊತ್ತು ಕಳೆಯುತ್ತಿದ್ದಳು. ಊರವರು ಮೊದಲು ದೆವ್ವದ ಕಾಟ ಎಂದರು, ಆಮೇಲೆ ಕಿವುಡು ಎಂದರು.

೧೯೫೬ರ ಬೇಸಿಗೆ. ಹೈದರಾಬಾದ್ ರಾಜ್ಯ ಒಡೆದು ನಮ್ಮ ಕಡೆಯೆಲ್ಲ ಮೈಸೂರಿಗೆ ಸೇರುತ್ತದೆಂಬ ಮಾತು ಎದ್ದಿತ್ತು. ಆಗ ಯಾದಗಿರಿಗೆ ಬಂದಿದ್ದ ದೊಡ್ಡ ಡಾಕ್ಟರೊಬ್ಬರು ಮಗುವನ್ನು ಅರ್ಧ ತಾಸು, ತಾಯಿ ಹಣಮಂತಮ್ಮನನ್ನು ಒಂದು ತಾಸು ಪರೀಕ್ಷಿಸಿದರು. ವಿಲಾಯತಿಯ ಹೊಸ ಪುಸ್ತಕ ಓದಿದವರು. ಅವರ ಉರ್ದುವನ್ನು ಕಂಪೌಂಡರ್ ಕನ್ನಡಕ್ಕೆ ತಂದ:

"ಹುಡುಗಿಗಿ ಏನೂ ಆಗಿಲ್ಲ. ಅವ್ವ ತಣ್ಣಗ ಅದಾಳಂತ. ಅಕಿನ್ನ ಬೆಚ್ಚಗ ಮಾಡ್ರಿ."

ತಾಯಿಗೆ ಮಗಳ ಮೇಲೆ ಪ್ರೀತಿ ಸಾಲದು ಎಂಬುದು ಡಾಕ್ಟರರ ಅಭಿಪ್ರಾಯ. ಅಂಬಣ್ಣ ಮಾತ್ರ ಹೆಂಡತಿಯ ಹಣೆ ಮುಟ್ಟಿ ನೋಡಿದ.

ಮನೆಮದ್ದು ಬಲ್ಲ ನೆರೆಯ ಕುಬ್ರಾಬೇಗಂ, ಇದು ಠಂಡಿ ಮೈಯೇ ಸರಿ ಎಂದಳು. ಹುರಳಿ ಕಟ್ಟು, ಒಣಶುಂಠಿ, ಬೆಳ್ಳುಳ್ಳಿ ಶುರುವಾಯಿತು. ಕಲ್ಲು ಸಿಡಿಯುವ ಬಿಸಿಲಿನಲ್ಲಿ ಹಣಮಂತಮ್ಮನಿಗೆ ನಾಲ್ಕು ಕಂಬಳಿ ಹೊದಿಸಿ ಪಕ್ಕಕ್ಕೆ ಕೆಂಡ ಇಟ್ಟರು. ಬಂದವರೆಲ್ಲ ಅವಳ ಅಂಗಾಲು ಮುಟ್ಟಿ, ಇನ್ನೂ ಸಾಲದು ಎಂದು ಹೇಳಿ ಹೋಗುತ್ತಿದ್ದರು. ಅಂಬಣ್ಣ ಐದನೆಯ ಕಂಬಳಿ ತಂದ.

ಹಣಮಂತಮ್ಮ ಕೊಟ್ಟದ್ದನ್ನೆಲ್ಲ ಕುಡಿದು ಹೊದ್ದು ಮಲಗಿದಳು. ಒಮ್ಮೆ ಚೀರುತ್ತಿದ್ದ ಮಗಳನ್ನು ಹೊಲದಲ್ಲೇ ಬಿಟ್ಟು ನಾಲ್ಕು ಹೆಜ್ಜೆ ನಡೆದಿದ್ದಳು. ಡಾಕ್ಟರರಿಗೆ ಅದು ಹೇಗೋ ಗೊತ್ತಾಗಿದೆ ಎಂದುಕೊಂಡಿದ್ದಳು.

ಒಂಬತ್ತನೆಯ ದಿನ ಸಾಯಬಮ್ಮ ತಾನಾಗಿ ಬಂದು ಕಂಬಳಿಗಳ ಅಡಿಗೆ ತೂರಿ, ತಾಯಿಯ ಪಕ್ಕ ಅಲುಗದೆ ಮಲಗಿ ನಿದ್ದೆ ಹೋದಳು. ಓಣಿಯೇ ಸೇರಿತು. ಮದ್ದು ಹತ್ತಿತು, ಇನ್ನೊಂದು ವರ್ಷ ಬಿಡಬಾರದು ಎಂದು ಅಂಬಣ್ಣ ತೀರ್ಮಾನಿಸಿದ.

ಮರುದಿನವೂ ಮಗಳು ಹಾಗೆಯೇ ಬಂದಳು. ಅವಳು ನಿದ್ದೆ ಹೋದ ಮೇಲೆ ಹಣಮಂತಮ್ಮ ಮೆಲ್ಲನೆ ಹೊರಗೆ ಸರಿದಳು. ಮಗಳು ಏಳಲಿಲ್ಲ. ಐದು ಕಂಬಳಿಯ ಭಾರದಡಿಯಲ್ಲಿ, ಬೆವರುತ್ತ, ಹಾಯಾಗಿ ಮಲಗಿದ್ದಳು. ಹಣಮಂತಮ್ಮ ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಕೆಂಡಕ್ಕೆ ಒಂದು ಕೊಡ ನೀರು ಸುರಿದಳು.

ಮಾರನೆಯ ದಿನ ಗಂಡನನ್ನು ಕರೆದುಕೊಂಡು ಯಾದಗಿರಿಗೆ ಹೋದಳು. ತಾಯಿಯ ಪಕ್ಕ ಮಗಳು ಮಲಗಿದ್ದನ್ನು ಅಂಬಣ್ಣನಿಂದ ಕೇಳಿ ಡಾಕ್ಟರರು ಹಿಗ್ಗಿ ಬರೆಯತೊಡಗಿದರು.

"ಸಾಹೇಬ್ರ, ಅಕಿಗಿ ಬೇಕಾಗಿದ್ದು ಕಂಬಳಿ ಭಾರ. ನಾ ಮದಲಿನಂಗೇ ಅದೀನ್ರಿ," ಎಂದಳು ಹಣಮಂತಮ್ಮ.

ಕಂಪೌಂಡರ್ ಅದನ್ನು ಉರ್ದುವಿಗೆ ತರಲಿಲ್ಲ. ಹಾಳೆ ಮುಂದಿಟ್ಟು ಹೆಬ್ಬೆಟ್ಟು ಒತ್ತಲು ಹೇಳಿದ. ಏನು ಬರೆದಿದೆ ಓದಿ ಎಂದಳು. ತಣ್ಣಗಿದ್ದ ತಾಯಿ ಈಗ ಗುಣವಾಗಿದ್ದಾಳೆ ಎಂದು ಓದಿದ.

"ಹಂಗಿದ್ರ ಅದು ನಾ ಅಲ್ಲ," ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಡಾಕ್ಟರರು ಹಾಳೆಯ ಕೊನೆಗೆ ಇನ್ನೊಂದು ಸಾಲು ಸೇರಿಸಿದರು: ತಾಯಿ ಹಠಮಾರಿ.

ಸಾಯಬಮ್ಮ ಅವ್ವ ಎಂದು ಕರೆಯಲೇ ಇಲ್ಲ. ಹನ್ನೆರಡನೆಯ ವರ್ಷಕ್ಕೆ ನೂಲಲು ಕಲಿತಳು. ಉಣ್ಣೆ ಮುಗಿದರೆ ಬಂದು ಹಣಮಂತಮ್ಮನ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದಳು. ಹಣಮಂತಮ್ಮ ಉಣ್ಣೆ ಕೊಡುವುದನ್ನು ಸ್ವಲ್ಪ ತಡಮಾಡುತ್ತಿದ್ದಳು.