ಗುಡಿಸಿದ ಮೇಲೆ ತೆಗೆದ ಫೋಟೋ

ನಮ್ಮ ಭಾವನಿಗೆ ಚೊಕ್ಕಟದ ಹುಚ್ಚು. ನಲವತ್ತು ವರ್ಷ ಕಟಿಂಗ್ ಅಂಗಡಿ ನಡೆಸಿದ ಮನುಷ್ಯ. ಒಬ್ಬ ಗಿರಾಕಿ ಕುರ್ಚಿಯಿಂದ ಎದ್ದು ಇನ್ನೊಬ್ಬ ಕೂರೋದರೊಳಗೆ ನೆಲದ ಮೇಲೆ ಒಂದು ಕೂದಲೂ ಉಳಿಯಬಾರದು. ಅಂಗಡಿ ಮುಚ್ಚಿದ ಮೇಲೆ ಗುಡಿಸೋಕೆ ಏನೂ ಸಿಗದೆ, ನಮ್ಮ ಬೀದಿ ಕೊನೆಯ ಕೆರೆಗೆ ಗಂಟುಬಿದ್ದರು.

ಊರಲ್ಲಿ ಇಪ್ಪತ್ತಮೂರು ಕೆರೆ. ಕೆರೆ ಆಫೀಸಿನಲ್ಲಿ ಇಂಜಿನಿಯರಮ್ಮ ಒಬ್ಬರೇ. ಅವರು ತಾನೇ ಎಷ್ಟು ಕಡೆ ಓಡಾಡ್ತಾರೆ? ಅದಕ್ಕೇ ಪ್ರತಿ ಕೆರೆಗೂ ಅಕ್ಕಪಕ್ಕದವರದೇ ಒಂದು ತಂಡ ಕಟ್ಟಿ, ಕೆಲಸ ಹಚ್ಚಿದ್ದರು. ಭಾನುವಾರ ಬೆಳಿಗ್ಗೆ, ಮೋರಿ ನೀರು ಕೆರೆಗೆ ಬೀಳೋ ಜಾಗದ ಫೋಟೋ ತೆಗೆದು ಕಳಿಸಬೇಕು. ಎಲ್ಲಿ ಕಸ ಜಾಸ್ತಿಯೋ ಅಲ್ಲಿಗೆ ಮೊದಲು ಕಬ್ಬಿಣದ ಜಾಲರಿ. ಜಾಲರಿ ಬಂತು ಅಂದ್ರೆ ಕಸ ಮೋರಿ ಬಾಯಲ್ಲೇ ನಿಲ್ಲುತ್ತೆ, ಆಫೀಸಿನ ಗಾಡಿ ಬಂದು ಎತ್ತಿಕೊಂಡು ಹೋಗುತ್ತೆ. ಯಾರೂ ನೀರಿಗೆ ಇಳಿಯೋದು ಬೇಕಿಲ್ಲ.

ನಮ್ಮ ತಂಡ ಅಂದ್ರೆ ಭಾವ, ಅಕ್ಕ, ನಾನು; ಪಟ್ಟಿಯಲ್ಲಿ ಹೆಸರಿಗೆ ಇನ್ನೂ ಹನ್ನೊಂದು ಜನ. ಭಾವ ಏನು ಮಾಡ್ತಿದ್ರು ಗೊತ್ತಾ? ಐದಕ್ಕೇ ಎದ್ದು, ಸೊಂಟದ ಮಟ್ಟದ ನೀರಿಗೆ ಇಳಿದು, ಬಾಟ್ಲಿ, ಹಳೇ ಚಪ್ಪಲಿ, ಹರಿದ ದಿಂಬು ಎಲ್ಲ ಎತ್ತಿ ಚೀಲಕ್ಕೆ ತುಂಬಿ, ಆಮೇಲೆ ಫೋಟೋ!

"ಮೊದಲು ಫೋಟೋ ತೆಗೀರಿ, ಆಮೇಲೆ ಬೇಕಾದ್ರೆ ಕಸ ತೆಗೀರಿ" ಅಂದ್ರೆ, "ಕೊಳಕು ಇಟ್ಕೊಂಡು ಯಾರಾದ್ರೂ ಫೋಟೋ ತೆಗೀತಾರೇನೇ? ಮರ್ಯಾದೆ ಬೇಡ್ವಾ?" ಅಂತ ನನಗೇ ದಬಾಯಿಸೋರು. ಎಂಟು ವರ್ಷದಲ್ಲಿ ಹದಿನೇಳು ಕೆರೆಗೆ ಜಾಲರಿ ಬಂತು. ನಮಗೆ ಬಂದದ್ದು ಎಂಟು ಪ್ರಶಂಸಾಪತ್ರ.

ಪ್ರಶಂಸಾಪತ್ರಾನ ಬೆನ್ನಿಗೆ ಕಟ್ಕೊಳ್ಳೋಕಾಗುತ್ತಾ? ಭಾವನ ಸೊಂಟ ಕೈಕೊಟ್ಟು ಎರಡು ವರ್ಷ. ಹೋದ ತಿಂಗಳು ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು, "ಇನ್ನು ಭಾರ ಎತ್ತಿದ್ರೆ ಕಾಲಿನ ಸ್ವಾಧೀನವೇ ಹೋಗಬಹುದು" ಅಂದ್ರು. ಅಕ್ಕ ಅಲ್ಲೇ ಅತ್ತಳು. ಭಾವ ಹೊರಗೆ ಬಂದು, "ಆ ಡಾಕ್ಟರಿಗೆ ಕಟಿಂಗ್ ಮಾಡಿದೋನು ಯಾರೋ, ಕಿವಿ ಪಕ್ಕದ ಕೃದಾ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ" ಅಂದ್ರು. ನೋವಿದೆ ಅಂತ ಬಾಯಿಬಿಟ್ಟರೆ ತಾನೇ!

ಬೈದದ್ದಾಯ್ತು, ಕೈಮುಗಿದದ್ದಾಯ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅಷ್ಟರಲ್ಲಿ ನೀರಿಗಿಳಿಯುವಾಗ ಹಾಕೋ ರಬ್ಬರ್ ಪ್ಯಾಂಟು ಮೊಣಕಾಲಲ್ಲಿ ಹರೀತು. ನಾನು ಟೈಲರ್ ಅಲ್ವಾ, ಹೊಲಿದುಕೊಡು ಅಂತ ತಂದು ಕೊಟ್ಟರು. ಹೊಲಿದೆ. ಎರಡೂ ಕಾಲು ಸೇರಿಸಿ, ಮೇಲಿಂದ ಕೆಳಗಿನವರೆಗೆ, ಡಬಲ್ ಹೊಲಿಗೆ ಹಾಕಿ, ನೀಟಾಗಿ ಮಡಚಿ ವಾಪಸ್ ಕೊಟ್ಟೆ.

ಭಾನುವಾರ ಐದೂವರೆಗೆ ಭಾವನ ಬೈಗುಳ ಬೀದಿಗೆಲ್ಲ ಕೇಳಿಸ್ತಿತ್ತು. "ಎಲ್ಲಿ ಆ ದರ್ಜಿ ರಾಣಿ?" ದರ್ಜಿ ರಾಣಿ ಕೆರೆ ದಂಡೆಯಲ್ಲಿದ್ದಳು. ಆವತ್ತಿನ ಕಸ ಏನು ಕಸ ಅಂತೀರಿ, ಆಹಾ! ನಡುವೆ ಒಂದು ಹಾಸಿಗೆ ಬೇರೆ ಅರ್ಧ ಮುಳುಗಿ ಕೂತಿತ್ತು. ನಾಲ್ಕು ದಿಕ್ಕಿಂದ ಫೋಟೋ ಹೊಡೆದು ಆಫೀಸಿಗೆ ಕಳಿಸಿಬಿಟ್ಟೆ. ಅಳೋ ಮಗೂಗೇ ತಾನೇ ಹಾಲು!

ಒಂಬತ್ತಕ್ಕೆ ಇಂಜಿನಿಯರಮ್ಮನ ಫೋನು. "ನಿಮ್ಮ ಕೆರೇನ ಹೀಗೆ ನೋಡೇ ಇರಲಿಲ್ಲ. ಹತ್ತೂವರೆಗೆ ನಾನೇ ಬರ್ತೀನಿ."

ನಾನು ಕುಣಿದಾಡಿದೆ. ಓಡಿಹೋಗಿ ಅಕ್ಕನ ಕಿವಿಗೆ ಹಾಕಿದೆ. ಭಾವ ತಿಂಡಿ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಕೂತಿದ್ರು. ಅಕ್ಕನ ಬಾಯಲ್ಲಿ ಎಳ್ಳು ನೆನೆಯೋದಿಲ್ಲ. ನಾನು ಅತ್ತ ಹೋದ ಕೂಡಲೇ, ಭಾವನನ್ನ ಸಮಾಧಾನ ಮಾಡೋಕೆ ಅಂತ ಅವರಿಗೆ ಹೇಳಿಬಿಟ್ಟಳು. ಮುಗೀತಲ್ಲ! ಮನೆಗೆ ನೆಂಟರು ಬರ್ತಾರೆ ಅಂದ್ರೆ ಗುಡಿಸದೆ ಬಿಡೋ ಪ್ರಾಣೀನಾ ಅದು?

ಹತ್ತೂಕಾಲಿಗೆ ನೋಡಿದ್ರೆ ಭಾವ ಮನೇಲೇ ಇಲ್ಲ. ಅಕ್ಕ, ನಾನು ಏದುಸಿರು ಬಿಡ್ತಾ ಕೆರೆ ಮುಟ್ಟೋ ಹೊತ್ತಿಗೆ ಹಾಸಿಗೆ ದಂಡೆ ಮೇಲಿತ್ತು. ಪಕ್ಕದಲ್ಲಿ ಬಾಯಿ ಕಟ್ಟಿದ ಏಳು ಚೀಲ, ಸಾಲಾಗಿ. ನೀರು ತೊಳೆದಿಟ್ಟ ಬಟ್ಟಲ ಹಾಗೆ. ಹಳೇ ಪೈಜಾಮದಲ್ಲಿ ಸೊಂಟದವರೆಗೆ ನೆನೆದ ಭಾವ ಕಲ್ಲಿನ ಮೇಲೆ ಕೂತು ಹುಳ್ಳಗೆ ನಗ್ತಿದ್ರು. ಹಿಂದೆಯೇ ಇಂಜಿನಿಯರಮ್ಮನ ಸ್ಕೂಟರ್ ಬಂದು ನಿಂತಿತು.

ಅವರು ನೀರು ನೋಡಿದ್ರು, ಚೀಲ ನೋಡಿದ್ರು. "ಇದೆಲ್ಲ ಯಾರು ತೆಗೆದದ್ದು?"

"ನಾನೇ ಮೇಡಂ. ಒಬ್ಬನೇ" ಅಂದ್ರು ಭಾವ, ಎದೆ ಉಬ್ಬಿಸಿ.

"ನೀವಿರುವಾಗ ಜಾಲರಿ ಯಾಕೆ ಹೇಳಿ? ಇಂಥೋರು ಇಲ್ಲದ ಕೆರೆಗಾದ್ರೂ ಕೊಡ್ತೀನಿ."

ನನಗೆ ರೇಗಿಹೋಯ್ತು. ಒಂದು ಚೀಲದ ಬಾಯಿ ಬಿಚ್ಚಿ ಧಡಧಡ ನೀರಿಗೇ ಸುರಿದೆ. "ತಗೊಳ್ಳಿ ಮೇಡಂ, ಈಗಿದೆಯಲ್ಲ ಕಸ! ಬರ್ಕೊಳ್ಳಿ!"

ಇಂಜಿನಿಯರಮ್ಮ ಬಾಯಿ ತೆರೆದು ನಿಂತರು. "ಏಯ್, ಹುಚ್ಚು ಹಿಡೀತೇನೇ ನಿಂಗೆ?" ಅಂತ ಭಾವ ಕಲ್ಲಿನಿಂದ ಏಳೋಕೆ ಹೋದರು. ಅರ್ಧ ಎದ್ದರು, ಹಾಗೇ ಕುಸಿದು ಕೂತರು. ಇನ್ನೊಂದು ಸಲ ಕೈ ಊರಿದರು. ಆಗಲಿಲ್ಲ. ತೇಲ್ತಿದ್ದ ಬಾಟ್ಲಿಗಳನ್ನೇ ಸ್ವಲ್ಪ ಹೊತ್ತು ನೋಡಿ, ಆಮೇಲೆ ತೀರಾ ಸಣ್ಣ ದನಿಯಲ್ಲಿ ಅಂದ್ರು, "ಮೇಡಂ, ಒಂಚೂರು ಕೈ ಕೊಡ್ತೀರಾ? ಏಳೋಕಾಗ್ತಿಲ್ಲ. ಇನ್ಮೇಲೆ ಈ ಕೆಲಸ ನನ್ನ ಕೈಲಿ ಆಗಲ್ಲ."

ಇಂಜಿನಿಯರಮ್ಮ ಒಂದು ಕಡೆ, ನಾನೊಂದು ಕಡೆ ಹಿಡಿದು ಎಬ್ಬಿಸಿದೆವು. ನಡುಗ್ತಿದ್ದ ಕಾಲು ನೋಡಿದ ಆ ಹೆಣ್ಣುಮಗಳು ಅಲ್ಲಿಂದಲೇ ಆಫೀಸಿಗೆ ಫೋನ್ ಹಚ್ಚಿದಳು. "ಮುಂದಿನ ಜಾಲರಿ ಇಲ್ಲಿಗೆ. ಬುಧವಾರದೊಳಗೆ ಕೂತಿರಬೇಕು."

ಸ್ಕೂಟರ್ ಮರೆಯಾಗೋದೇ ತಡ, ನಾನು ನಕ್ಕುಬಿಟ್ಟೆ. "ಭಾವ, ಏನು ನಾಟಕ ರೀ ನಿಮ್ದು! ಬಣ್ಣ ಹಚ್ಚಿದೋರೂ ಹೀಗೆ ಮಾಡಲ್ಲ!"

ನನ್ನ ಹೆಗಲ ಮೇಲಿದ್ದ ಅವರ ಕೈ ಸರೀಲಿಲ್ಲ. ಇನ್ನಷ್ಟು ಭಾರ ಬಿಟ್ಟರು. "ನಾಟಕ ಎರಡು ವರ್ಷದಿಂದ ಮಾಡ್ತಿದ್ದೆ ಕಣೇ. ಇವತ್ತು ಮಾಡ್ಲಿಲ್ಲ. ಮೆಲ್ಲಗೆ ಮನೆಗೆ ಕರ್ಕೊಂಡು ಹೋಗು."

ನಾನು ಆ ಹಾಳು ಫೋಟೋ ಕಳಿಸದಿದ್ರೆ ಈ ಒದ್ದೆ ಹಾಸಿಗೆ ಎತ್ತೋಕೆ ಅವರು ಇಳೀತಾನೇ ಇರಲಿಲ್ಲ. ಅಕ್ಕ ಆಚೆ ಬದಿಗೆ ಬಂದು ಹಿಡಿದುಕೊಂಡಳು. ನಾನು ಸುರಿದ ಬಾಟ್ಲಿಗಳು ನೀರಲ್ಲಿ ಹಾಗೇ ತೇಲ್ತಿದ್ವು. ಭಾವ ಒಂದು ಸಲವೂ ತಿರುಗಿ ನೋಡಲಿಲ್ಲ.