ಸದ್ದಿಲ್ಲದ ಕಾರಿಗೆ ದೀಪಾವಳಿಯ ಗಡುವು

ಜಿಗಣಿಯ ಕಾರ್ಖಾನೆಯೊಂದರಲ್ಲಿ ನಡೆದ ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಅಲ್ಲಿ ಗೇಟು ಕಾಯುತ್ತಿದ್ದ ಬೈರಪ್ಪ. ಆಮೇಲೆ ಕ್ಯಾಂಟೀನಿನ ಮುನಿಯಕ್ಕ. ಇಬ್ಬರ ಮಾತು ಕೂಡದ ಕಡೆ ಅದನ್ನು ಸೂಚಿಸಿದ್ದೇನೆ.

ಮೂವತ್ತು ವರ್ಷ ಡೀಸೆಲ್ ಕಾರು ಮಾಡಿ ಹೆಸರಾದ ಕಂಪನಿ ಅದು. ೨೦೧೨ರ ಹೊತ್ತಿಗೆ ಅದರ ಹಿಂಬದಿಯ ಶೆಡ್ಡಿನಲ್ಲಿ ಒಂದು ಎಲೆಕ್ಟ್ರಿಕ್ ಕಾರು ಸಿದ್ಧವಾಗಿ ನಿಂತಿತ್ತು. ನಾಲ್ಕು ವರ್ಷ ದುಡಿದು ಅದನ್ನು ರೂಪಿಸಿದವರು ಬಿಜಾಪುರದ ಕಡೆಯ ಇಂಜಿನಿಯರ್ ಮಹಾನಂದಾ. ಮಾರಾಟಕ್ಕೆ ಬಿಡೋಣವೆಂದು ಅವರು ಕೇಳಿದಾಗಲೆಲ್ಲ, ಮೊದಲು ಬೇರೆ ಡೀಸೆಲ್ ಕಾರಿನ ಕಂಪನಿಯವರು ಬಿಡಲಿ ಎಂದು ಮುಖ್ಯಸ್ಥ ಶ್ಯಾಮಣ್ಣ ಕಡತವನ್ನು ಹಿಂದಿರುಗಿಸುತ್ತಿದ್ದರು. ಕೊನೆಗೆ, ದೀಪಾವಳಿಯ ಹೊತ್ತಿಗೆ ಶೆಡ್ಡನ್ನೇ ಮುಚ್ಚುವುದಾಗಿ ತಿಳಿಸಿದರು.

ಆಯುಧಪೂಜೆಯ ದಿನ ಆ ಕಾರನ್ನೂ ಸಾಲಿನಲ್ಲಿ ನಿಲ್ಲಿಸಿದರು. ಅಲ್ಲಿಯ ವಾಡಿಕೆ ಇಷ್ಟು: ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟ ಮೇಲೆ ಬಿಜಾಪುರದ ಕಡೆಯವರೇ ಆದ ಹಿರಿಯ ಚಾಲಕ ಕಾಡಪ್ಪ ಕೂರುತ್ತಾರೆ; ಇಂಜಿನ್ ಸದ್ದು ಕೇಳಿದ ಮೇಲೆಯೇ ಸುತ್ತ ನಿಂತವರು ಸರಿಯುತ್ತಾರೆ. ಕಾಡಪ್ಪ ಕೀಲಿ ತಿರುಗಿಸಿದರು, ಮಹಾನಂದಾ ತೋರಿಸಿದ್ದ ಗುಂಡಿ ಒತ್ತಿದರು. ಸದ್ದಿಲ್ಲ. ಕಾರು ಚಾಲೂ ಆಗಿಲ್ಲವೆಂದುಕೊಂಡು, ಹಳೆಯ ಡೀಸೆಲ್ ಗಾಡಿಗೆ ಕೊಡುವಂತೆ ಜೋರಾಗಿ ರೇಸು ಕೊಟ್ಟರು. ಕಾರು ಮುಂದಕ್ಕೆ ಹಾರಿ, ಕಂಬಕ್ಕೆ ಕಟ್ಟಿದ್ದ ಬಾಳೆಕಂದನ್ನು ಮುರಿಯಿತು. ಜನ ದಿಕ್ಕಾಪಾಲಾದರು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಕಾಡಪ್ಪ ತಲೆ ಎತ್ತಲಿಲ್ಲ.

ಶ್ಯಾಮಣ್ಣನವರಿಗೆ ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. "ನೋಡಮ್ಮಾ, ಕಾಡಪ್ಪನಿಗೇ ಗೊತ್ತಾಗ್ಲಿಲ್ಲ ಅಂದ್ರೆ, ತಗೊಳ್ಳೋರಿಗೆ ಹೆಂಗ್ ಗೊತ್ತಾಗುತ್ತೆ?"

"ಕಾಡಪ್ಪ ಕಾಕಾಗ ನಾ ಬರೀ ಗುಂಡಿ ತೋರಿಸೀನ್ರಿ ಸರ್, ಓಡಿಸೋದು ಕಲಿಸಿಲ್ಲ. ತಪ್ಪು ನಂದು," ಎಂದರು ಮಹಾನಂದಾ. "ದೀಪಾವಳಿ ತನಕ ಕಾರು ಅವರ ಕೈಯಾಗ ಕೊಡ್ರಿ. ಬ್ಯಾಡ ಅಂತ ಅವರು ಅಂದ್ರ, ಶೆಡ್ಡಿಗೆ ನಾನೇ ಬೀಗ ಹಾಕ್ತೀನಿ."

ಶ್ಯಾಮಣ್ಣ ಒಪ್ಪಿದರು. ಒಪ್ಪದವರು ಕಾಡಪ್ಪ. ಎಲ್ಲರೆದುರು ತನ್ನ ಮಾನ ಕಳೆದ ಗಾಡಿಯನ್ನು ಮುಟ್ಟುವುದಿಲ್ಲವೆಂದು ಎರಡು ದಿನ ಹಟ ಹಿಡಿದರು. ಮೂರನೆಯ ಬೆಳಿಗ್ಗೆ ಮಹಾನಂದಾ ಕಾರನ್ನು ಗೇಟಿಗೆ ತಂದು, ಪಕ್ಕದ ಸೀಟಿಗೆ ಸರಿದು ಕೂತರು. ಒಂದೂವರೆ ಗಂಟೆ ಹಾಗೆಯೇ ಕೂತಿದ್ದರೆಂದು ಬೈರಪ್ಪ ಹೇಳುತ್ತಾರೆ. ಮುನಿಯಕ್ಕನ ಪ್ರಕಾರ ಅರ್ಧ ಗಂಟೆ. ಅಂತೂ ಕಾಡಪ್ಪ ಹತ್ತಿದರು.

"ಮೂಗ ಗಾಡಿ ಕಟ್ಟೀಯಲ್ಲವ್ವ. ಇದರ ಜೋಡಿ ಹೆಂಗ ಮಾತಾಡ್ಲಿ?"

"ಕಿವಿಲೇ ಅಲ್ಲ ಕಾಕಾ, ಕಾಲಿಲೇ ಮಾತಾಡ್ರಿ. ಮೆಲ್ಲಕ ಒತ್ತ್ರಿ."

ಅಂದಿನಿಂದ ಬಿಡಿಭಾಗ ತರಲು ಇಬ್ಬರೂ ದಿನವೂ ಬೆಂಗಳೂರಿನ ಆಚೆ ತುದಿಯ ಪೀಣ್ಯಕ್ಕೆ ಹೋಗಿಬಂದರು. ಅಲ್ಲಿ ಸರಕು ತುಂಬುವಾಗ ಬ್ಯಾಟರಿಗೂ ಕರೆಂಟು ತುಂಬಿಸುತ್ತಿದ್ದರು. ದಾರಿಯಲ್ಲಿ ದಾಸರಹಳ್ಳಿಯ ದಟ್ಟಣೆಯಲ್ಲಿ ಒಮ್ಮೆ ಎದುರಿಗೆ ನುಗ್ಗಿದ ಆಟೋಗೆ ಕಾಡಪ್ಪ ಬೈದರು, ಕಾರಿಗೆ ಬೈಯಲಿಲ್ಲ. ಅದನ್ನು ಮಹಾನಂದಾ ಗಮನಿಸಿದರು.

ನರಕ ಚತುರ್ದಶಿಯ ಹಿಂದಿನ ದಿನ ಶ್ಯಾಮಣ್ಣ ಇಬ್ಬರನ್ನೂ ಕರೆಸಿ, ಕಾರು ಬೇಕೋ ಬೇಡವೋ ಎಂದು ಕಾಡಪ್ಪನವರನ್ನು ನೇರವಾಗಿ ಕೇಳಿದರು.

"ಎಡಗಾಲು ಇನ್ನೂ ಕ್ಲಚ್ ಹುಡುಕತೈತ್ರಿ," ಎಂದರು ಕಾಡಪ್ಪ. "ಖರೇ ಹೇಳಬೇಕಂದ್ರ, ಕಲಿಯೋದು ಐತಿ. ಕಲಿತ ಮ್ಯಾಲ ಡೀಸೆಲ್ ಗಾಡಿ ಹತ್ತಾಕ ಮನಸ್ಸಾಗವಲ್ದು. ಮಾರ್ರಿ. ತಗೊಂಡವರಿಗೆ ನಾ ಕಲಿಸ್ತೀನಿ."

ಶ್ಯಾಮಣ್ಣ ತಾವು ಹಿಂದಿರುಗಿಸಿದ್ದ ಕಡತವನ್ನು ತರಿಸಿದರು. ಐವತ್ತು ಕಾರು ಮಾಡಿ ಮಾರಲು ಸಹಿ ಹಾಕಿದರು. ಕೊಳ್ಳುವ ಪ್ರತಿಯೊಬ್ಬರ ಪಕ್ಕದಲ್ಲಿ ಮೂರು ದಿನ ಕಾಡಪ್ಪ ಕೂರಬೇಕೆಂಬುದು ಅವರ ಷರತ್ತು. ಐವತ್ತಲ್ಲ, ನೂರು ಕಾರು ಎಂದು ಮುನಿಯಕ್ಕ ಹೇಳುತ್ತಾರೆ. ಹಬ್ಬ ಮುಗಿದ ಮರುದಿನ ಮುಚ್ಚಬೇಕಿದ್ದ ಶೆಡ್ಡಿನ ಕೆಲಸ ಬೆಳಿಗ್ಗೆ ಎಂಟಕ್ಕೇ ಶುರುವಾಯಿತೆಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.