ಒಲೆ ಹಚ್ಚದ ಉಂಡೆ

ಬೇಕರಿಯಲ್ಲಿ ಇಪ್ಪತ್ತಾರು ವರ್ಷ ದುಡಿದವಳಿಗೆ ಬೆಂಕಿ ಮುಟ್ಟದೆ ಸಿಹಿ ಮಾಡು ಎಂದರೆ ಹೇಗಾಗಬೇಡ? ಹಬ್ಬದ ರಜೆಯ ಬೆಳಗ್ಗೆ ನನ್ನ ತಂಗಿ ಅದನ್ನೇ ಹೇಳಿದಳು. ಇಬ್ಬರು ಮಕ್ಕಳು, ಮನೆಯ ಬೀಗದ ಕೈ, ಜೊತೆಗೆ ಒಂದು ಷರತ್ತು, ಮೂರನ್ನೂ ನನಗೆ ಒಪ್ಪಿಸಿ ಚಪ್ಪಲಿ ಮೆಟ್ಟಿದಳು.

“ಅಕ್ಕ, ಏನು ಬೇಕಾದ್ರೂ ಮಾಡ್ಕೋ. ಒಲೆ ಮಾತ್ರ ಹಚ್ಚಬೇಡ.”

“ಚಹಾ ಬೇಕು ಅನ್ಸಿದ್ರೆ?”

“ಫ್ಲಾಸ್ಕಲ್ಲಿದೆ.”

ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹಬ್ಬ ಅಂತ ಜ್ವರವೇನೂ ರಜೆ ಹಾಕುವುದಿಲ್ಲವಲ್ಲ, ಮಧ್ಯಾಹ್ನ ಎರಡರವರೆಗೆ ಅಂಗಡಿ ತೆರೆದಿರಲೇಬೇಕು. ಷರತ್ತಿನ ಕಾರಣ ನನಗೆ ಗೊತ್ತಿತ್ತು. ಹಾಗಾಗಿ ಎಂದಿನಂತೆ ನಾಲಿಗೆ ಹರಿಯಬಿಡದೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಎಂಟು ತಿಂಗಳ ಹಿಂದೆ ಒಂದು ಸಂಜೆ ಅವಳು ಒಲೆಯ ಮೇಲೆ ನೀರು ಕಾಯಲಿಟ್ಟು, ಯಾರೋ ಬಾಗಿಲು ತಟ್ಟಿದರೆಂದು ಎದ್ದು ಹೋಗಿದ್ದಳು. ಎರಡೇ ನಿಮಿಷ. ಅಮ್ಮನಿಗೆ ಸಹಾಯ ಮಾಡೋಣವೆಂದು ಪಾತ್ರೆ ಇಳಿಸಲು ಹೋದ ಮಗಳ ಬಲಗೈ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಕುದಿಯುವ ನೀರು ಚೆಲ್ಲಿತು. ಗಾಯ ಮಾಗಿತು, ಕಲೆ ಉಳಿಯಿತು. ಅಂದಿನಿಂದ ತಂಗಿ ಮಕ್ಕಳು ಏಳುವ ಮೊದಲೇ ಇಡೀ ದಿನದ ಅಡುಗೆ ಮುಗಿಸಿ ಅಡುಗೆಮನೆಗೆ ಚಿಲಕ ಹಾಕಿಬಿಡುತ್ತಾಳೆ. ಮಗಳು ಎಂಥ ಸೆಖೆಯಲ್ಲೂ ಉದ್ದ ತೋಳಿನ ಅಂಗಿ ಬಿಟ್ಟು ಬೇರೆ ಹಾಕುವುದಿಲ್ಲ. ಒಂಬತ್ತು ವರ್ಷದ ಆ ಮಗುವಿಗೆ ತನ್ನ ಕೈಯೇ ನಾಚಿಕೆಯಾಗಿಬಿಟ್ಟಿದೆಯಲ್ಲ ಎಂದು ನಾನು ಎಷ್ಟೋ ಸಲ ಒಬ್ಬಳೇ ಸಂಕಟಪಟ್ಟಿದ್ದೆ. ಈ ಹಬ್ಬದ ದಿನವಾದರೂ ಅವಳು ಅಂಗಿಯ ತೋಳು ಮೇಲೇರಿಸಿ ಆಡುವುದನ್ನು ನೋಡಬೇಕೆಂಬುದೇ ನನ್ನ ಹಟವಾಗಿತ್ತು.

ಹಸಿರು ಬಿಟ್ಟು ಬೇರೆ ಬಣ್ಣ ಒಲ್ಲದ ಅವಳನ್ನು ನಾವು ಗಿಣಿ ಎನ್ನುತ್ತೇವೆ. ಅವಳ ಐದು ವರ್ಷದ ತಮ್ಮ ಲಾಯರು. ಯಾಕೆ ಎಂಬುದು ಅವನ ಜೊತೆ ಐದು ನಿಮಿಷ ಕೂತವರಿಗೆ ಗೊತ್ತಾಗುತ್ತದೆ.

ಒಲೆ ಬೇಡದ ಬಿಸ್ಕತ್ತಿನ ಉಂಡೆ ಮಾಡುವುದೆಂದು ತೀರ್ಮಾನಿಸಿ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿದೆವು. ನಾಲ್ಕು ಪೊಟ್ಟಣ ಬಿಸ್ಕತ್ತು, ಒಂದು ಗಟ್ಟಿ ಬೆಣ್ಣೆ, ಎರಡು ಡಬ್ಬಿ ಕಂಡೆನ್ಸ್ಡ್ ಮಿಲ್ಕ್ ಎನ್ನುವ ಸಿಹಿ ಮಂದ ಹಾಲು, ಕೋಕೋ ಪುಡಿ, ಮೇಲೆ ಉದುರಿಸಲು ಬಣ್ಣಬಣ್ಣದ ಸಕ್ಕರೆ ಮಣಿ. ಬಿಸ್ಕತ್ತುಗಳನ್ನು ಒಗೆದಿಟ್ಟ ಬಟ್ಟೆಚೀಲಕ್ಕೆ ಸುರಿದು ಲಟ್ಟಣಿಗೆಯಿಂದ ಕುಟ್ಟಲು ಶುರುಮಾಡಿದೆವು.

“ದೊಡ್ಡಮ್ಮ, ಪುಡಿ ಮಾಡೋದೇ ಆದ್ರೆ ಇಡೀ ಬಿಸ್ಕತ್ತು ಯಾಕೆ ತಂದ್ರಿ? ಪುಡಿಯಾಗಿರೋದನ್ನೇ ಕೇಳ್ಬಹುದಿತ್ತಲ್ಲ?” ಎಂದ ಲಾಯರು.

“ನಿನ್ನ ಕೈಗೆ ಕೆಲಸ ಇರ್ಲಿ ಅಂತ ಕಣೋ. ಕುಟ್ಟು.”

ಬೆಣ್ಣೆ ಫ್ರಿಜ್ಜಿನಿಂದ ಇಟ್ಟಿಗೆಯ ಹಾಗೆ ಹೊರಬಂತು. ಒಲೆ ಇದ್ದಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಅದರ ಮುಖ ನೋಡುತ್ತಾ ನಿಂತಿದ್ದಾಗ ಲಾಯರು ಒಂದು ಟವೆಲ್ ತಂದು ಬೆಣ್ಣೆಯ ಪೊಟ್ಟಣವನ್ನು ಸುತ್ತಿ ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತೇಬಿಟ್ಟ.

“ಏನೋ ಇದು?”

“ಕಾವು ಕೂತಿದೀನಿ.”

“ಮರಿ ಹೊರಗೆ ಬಂದ್ರೆ ಹೇಳೋ,” ಎಂದಳು ಗಿಣಿ. ಅವಳು ನಕ್ಕಳು ಕೂಡ. ನನಗೆ ಅಷ್ಟರಲ್ಲೇ ಅರ್ಧ ಹಬ್ಬ ಆಗಿಹೋಯಿತು.

ಹದಿನೈದು ನಿಮಿಷಕ್ಕೆ ಬೆಣ್ಣೆ ನಿಜಕ್ಕೂ ಮೆತ್ತಗಾಗಿತ್ತು. ಅದನ್ನು ಬಿಸ್ಕತ್ತಿನ ಪುಡಿಗೆ ಕಲಸಿದೆವು. ಗಿಣಿ ಮಕ್ಕಳ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಹಾಳೆಯನ್ನು ಓದಿದಳು.

“ಮಂದ ಹಾಲು ಅರ್ಧ ಡಬ್ಬಿ.”

“ಅರ್ಧಾನಾ? ಬರೆಯೋರಿಗೆ ಹಿಟ್ಟು ಕಲಸಿ ಗೊತ್ತಾ? ನಾನು ಇಪ್ಪತ್ತಾರು ವರ್ಷ ಕಲಸಿದೀನಿ.”

ಬೇಕರಿಯ ಹಿಟ್ಟು ಯಾವಾಗಲೂ ಸ್ವಲ್ಪ ಸಡಿಲ ಇರಬೇಕು. ಒಲೆಯ ಒಳಗೆ ಹೋದ ಮೇಲೆ ಶಾಖ ನೀರನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಗಟ್ಟಿಯಾಗಿ ಕಲಸಿದರೆ ಹೊರಗೆ ಬರುವುದು ಬಿಸ್ಕತ್ತಲ್ಲ, ಹೆಂಚು. ಇದು ನನ್ನ ಕೈಗೆ ಹತ್ತಿದ ಪಾಠ, ತಲೆಯ ಅಪ್ಪಣೆ ಕೇಳುವುದಿಲ್ಲ. ಎರಡೂ ಡಬ್ಬಿಗಳನ್ನು ತಳ ಕೆರೆದು ಸುರಿದೆ. ಕಲಸಿದೆ. ಹದ ನೋಡಿ, ಭೇಷ್ ಎಂದು ನನಗೆ ನಾನೇ ಹೇಳಿಕೊಂಡೆ.

“ಒಲೆ ನೀರು ಎಳ್ಕೊಳ್ಳುತ್ತೆ, ನೋಡ್ತಿರಿ,” ಎಂದೆ.

ಲಾಯರು ನನ್ನನ್ನೂ ಪಾತ್ರೆಯನ್ನೂ ನೋಡಿದ. “ಯಾವ ಒಲೆ?”

ಇಪ್ಪತ್ತಾರು ವರ್ಷದ ಅನುಭವ ಪಾತ್ರೆಯಲ್ಲಿ ಲೊಚಲೊಚ ಎನ್ನುತ್ತಿತ್ತು. ಬಿಸ್ಕತ್ತು ಸರಿಯಿಲ್ಲ ಎಂದೆ, ಡಬ್ಬಿ ದೊಡ್ಡದು ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಕತೆ. ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು.

ಬೀದಿಯ ಅಂಗಡಿಗಳೆಲ್ಲ ಹಬ್ಬಕ್ಕೆ ಮುಚ್ಚಿದ್ದವು. ಮನೆಯ ಡಬ್ಬಗಳನ್ನೆಲ್ಲ ಜಾಲಾಡಿ ಹತ್ತು ರಸ್ಕು, ಅರ್ಧ ಪೊಟ್ಟಣ ಕಾರ್ನ್‌ಫ್ಲೇಕ್ಸ್, ಲಾಯರು ದಿಂಬಿನ ಕೆಳಗೆ ಬಚ್ಚಿಟ್ಟಿದ್ದ ಆರು ಬಿಸ್ಕತ್ತು ಒಟ್ಟು ಮಾಡಿದೆವು. ಎಲ್ಲವನ್ನೂ ಕುಟ್ಟಿ ಸುರಿದು, ಅತಿ ದೊಡ್ಡ ಪಾತ್ರೆಗೆ ವರ್ಗಾಯಿಸಿ, ಮೂವರೂ ಕೈ ಹಾಕಿದೆವು. ಆ ಅಂಟಿಗೆ ಚಮಚ ಯಾವ ಮೂಲೆಗೆ? ಬೆರಳು ಮುಳುಗಿತು, ಮಣಿಕಟ್ಟು ಮುಳುಗಿತು. ಗಿಣಿಯ ಹಸಿರು ತೋಳಿನ ಅಂಚು ಕೋಕೋದಲ್ಲಿ ಅದ್ದಿ ಕಪ್ಪಾಯಿತು. ಅವಳು ಮಾತ್ರ ತೋಳನ್ನು ಮೇಲೆ ಎಳೆಯಲಿಲ್ಲ.

“ತೋಳು ಮಡಚೇ ಮಹಾತಾಯಿ, ಅಂಗಿನೂ ಸೇರಿ ಉಂಡೆ ಆಗುತ್ತೆ!” ಎಂದು ಕೂಗಿಬಿಟ್ಟೆ.

ಕೂಗಿದ ಮೇಲೆ ತಿಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಬಾಯಿಗೆ ಅದೇ ಹಿಟ್ಟನ್ನು ತುರುಕಿಕೊಳ್ಳಬೇಕೆನಿಸಿತು.

ಗಿಣಿ ಗೋಡೆಯ ಗಡಿಯಾರ ನೋಡಿದಳು. “ಅಮ್ಮ ಬರೋಕೆ ಇನ್ನೂ ಅರ್ಧ ಗಂಟೆ ಇದೆ ಅಲ್ವಾ?”

“ಇದೆ.”

ಅವಳು ಬಲಗೈಯನ್ನು ಮೇಲೆತ್ತಿ, ಅಂಗಿಯ ತೋಳನ್ನು ಹಲ್ಲಿನಿಂದ ಕಚ್ಚಿ, ಮೊಣಕೈ ದಾಟುವವರೆಗೆ ಸರಸರ ಎಳೆದಳು. ದಿನಾ ಮಾಡುವ ಕೆಲಸದ ಹಾಗೆ. ಕಲೆ ನುಣುಪಾಗಿ, ತೆಳು ಗುಲಾಬಿ ಬಣ್ಣದಲ್ಲಿ, ಅಲ್ಲಲ್ಲಿ ಸುಕ್ಕಾಗಿ ಮೊಣಕೈವರೆಗೂ ಹರಡಿತ್ತು. ಕೈ ಮತ್ತೆ ಪಾತ್ರೆಗಿಳಿಯಿತು.

ನನಗೆ ಸುಮ್ಮನಿರಲಾಗಲಿಲ್ಲ. “ಗಿಣಿ, ಯಾರಾದ್ರೂ ನೋಡ್ತಾರೆ ಅಂತ ನಾಚಿಕೆ ಆಗಲ್ವಾ ನಿಂಗೆ?”

“ಯಾಕೆ ನಾಚಿಕೆ? ಸ್ಕೂಲಲ್ಲಿ ದಿನಾ ಮಡಚ್ಕೋತೀನಿ. ಸೆಖೆ ಅಲ್ವಾ.” ಅವಳು ಒಂದು ಗಂಟನ್ನು ಬೆರಳಲ್ಲಿ ಒಡೆದಳು. “ಮನೇಲಿ ಆಗಲ್ಲ. ಅಮ್ಮ ನೋಡಿದ್ರೆ ಅಳ್ತಾಳೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಾಳೆ. ನಮಗೆ ಕೇಳ್ಸಲ್ಲ ಅಂದ್ಕೊಂಡಿದಾಳೆ.”

“ಸುಮ್ನೆ ನೀರು ದಂಡ,” ಎಂದ ಲಾಯರು.

ನಾನು ಪಾತ್ರೆಯಿಂದ ತಲೆ ಎತ್ತಲಿಲ್ಲ, ಎತ್ತಿದ್ದರೆ ಮಕ್ಕಳ ಮುಂದೆ ನಾನೇ ಅತ್ತುಬಿಡುತ್ತಿದ್ದೆ. ಎಂಟು ತಿಂಗಳು ಈ ಮಗುವಿಗೆ ನೋವಾಗಬಾರದೆಂದು ನಾವು ದೊಡ್ಡವರು ತುದಿಗಾಲಲ್ಲಿ ನಡೆದಿದ್ದೆವು. ಅಷ್ಟೂ ದಿನ ಅವಳು ಸೆಖೆಯಲ್ಲಿ ಬೇಯುತ್ತಾ ತಾಯಿಯನ್ನು ಕಾಯುತ್ತಿದ್ದಳು. ನನ್ನ ಮೇಲೇ ನನಗೆ ಸಿಟ್ಟು ಬಂತು.

ಗಡಿಯಾರ ಅರ್ಧ ಗಂಟೆ ಎಂದಿತ್ತು, ಆದರೆ ಹಬ್ಬದ ದಿನ ಗಿರಾಕಿಗಳಿಲ್ಲವೆಂದು ಅಂಗಡಿಯ ಯಜಮಾನರು ಬೇಗ ಬಾಗಿಲೆಳೆದಿದ್ದರು. ಹತ್ತು ನಿಮಿಷವೂ ಆಗಿರಲಿಲ್ಲ, ಚಿಲಕ ಹಾಕದ ಬಾಗಿಲು ತಳ್ಳಿ ತಂಗಿ ಒಳಗೆ ಬಂದಳು. ಕೈಚೀಲ ಇನ್ನೂ ಹೆಗಲ ಮೇಲಿತ್ತು.

ಗಿಣಿ ಬೆಚ್ಚಿಬಿದ್ದಳು. ಎರಡೂ ಕೈಗೆ ಅಂಟು, ತೋಳು ಇಳಿಸುವುದು ಹೇಗೆ? ಗಲ್ಲದಿಂದ ಒತ್ತಿ ಎಳೆದಳು, ಅರ್ಧಕ್ಕೆ ಸಿಕ್ಕಿಕೊಂಡಿತು. “ಮುಚ್ಕೋತೀನಿ ಅಮ್ಮ, ತಡಿ, ಒಂದೇ ನಿಮಿಷ,” ಎಂದಳು.

ತಂಗಿಯ ಮುಖ ಬಿಳಿಚಿಕೊಂಡಿತು. ಕಣ್ಣು ತುಂಬಿ ಬಂತು. ಚೀಲವನ್ನು ಹೇಗೋ ಕುರ್ಚಿಗೆ ಎಸೆದು ಬಚ್ಚಲ ಕಡೆ ತಿರುಗಿದಳು.

“ಎಲ್ಲಿಗೆ ಹೊರಟೆ?” ಎಂದೆ ನಾನು. ನನ್ನ ಗಂಟಲು ಜೋರು, ಅದನ್ನು ಇಳಿಸುವ ಗೋಜಿಗೂ ಹೋಗಲಿಲ್ಲ. “ನಲ್ಲಿ ಬಿಡೋಕಾ? ಮಕ್ಕಳಿಗೆ ಎಲ್ಲಾ ಕೇಳ್ಸುತ್ತೆ ಕಣೇ. ಇವತ್ತಲ್ಲ, ಎಂಟು ತಿಂಗಳಿಂದ ಕೇಳ್ಸಿದೆ. ಇವಳು ತೋಳು ಮುಚ್ಚೋದು ನಾಚಿಕೆಗಲ್ಲ, ನೀನು ಅಳ್ತೀಯ ಅಂತ. ಅಳೋದಿದ್ರೆ ಇಲ್ಲೇ ಕೂತು ಅಳು.”

ತಂಗಿ ಬಚ್ಚಲ ಬಾಗಿಲ ಹತ್ತಿರ ನಿಂತುಬಿಟ್ಟಳು. ಬೆನ್ನು ನಮ್ಮ ಕಡೆಗಿತ್ತು. ಆಮೇಲೆ ತಿರುಗಿ ಬಂದು ಮಗಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಸಿಕ್ಕಿಕೊಂಡಿದ್ದ ತೋಳಿಗೆ ಕೈ ಹಾಕಿದಳು. ಅಮ್ಮ ಅದನ್ನು ಕೆಳಗೆ ಎಳೆಯುತ್ತಾಳೆಂದೇ ಗಿಣಿ ಕೈ ಚಾಚಿದಳು. ತಂಗಿ ಮೇಲಕ್ಕೆ ಮಡಚಿದಳು. ಒಂದು ಮಡಿಕೆ, ಇನ್ನೊಂದು ಮಡಿಕೆ, ಜಾರದ ಹಾಗೆ ಬಿಗಿಯಾಗಿ. ಗಾಯ ಮಾಗಿ ಮುಲಾಮು ನಿಂತ ಮೇಲೆ ಅವಳು ಆ ಕೈಯನ್ನು ಹಿಡಿದದ್ದು ಇದೇ ಮೊದಲಿರಬೇಕು. ಕಣ್ಣೀರು ಅವಳ ಮೂಗಿನ ತುದಿಯಿಂದ ಮೇಜಿನ ಪೇಪರ್ ಮೇಲೆ ತೊಟ್ಟಿಕ್ಕುತ್ತಿತ್ತು.

“ಅಮ್ಮ, ಅಳ್ತಿದೀಯ,” ಎಂದಳು ಗಿಣಿ ಮೆಲ್ಲಗೆ.

“ಹೂಂ. ಅಳ್ತಿದೀನಿ.” ತಂಗಿ ಭುಜದಿಂದ ಮೂಗು ಒರೆಸಿಕೊಂಡಳು. “ಅತ್ರೆ ನಿಂತು ಹೋಗುತ್ತೆ, ಬಿಡು. ನೀನು ಮುಚ್ಕೋಬೇಡ.”

ಗಿಣಿ ತಾಯಿಯ ಮುಖವನ್ನೇ ನೋಡಿದಳು. ಎದ್ದು ಹೋಗುತ್ತಾಳೋ ಎಂದು ಕಾದಳು. ತಂಗಿ ಏಳಲಿಲ್ಲ. ಆಗ ಗಿಣಿ ಕೋಕೋ ಮೆತ್ತಿದ ಎಡಗೈಯನ್ನೂ ಅವಳ ಮುಂದೆ ಚಾಚಿದಳು.

“ಇದನ್ನೂ ಮಡಚು,” ಎಂದಳು.